ಆಟಕ್ಕೆ ತವರು ಯಾವುದು?

ಪತ್ರಿಕೆಗಳ ಕ್ರೀಡಾಪುಟ ತೆರೆದರೆ 'ತವರು ಅಂಗಳ', 'ತವರಿನ ಪ್ರೇಕ್ಷಕರು' ಎಂಬ ಮಾತುಗಳು ದಿನವೂ ಕಣ್ಣಿಗೆ ಬೀಳುತ್ತವೆ. ಬರೆಯುವವರು ಹೆಚ್ಚಾಗಿ ಗಂಡಸರು. ತವರು ಎಂದರೇನು ಎಂಬುದು ಅವರಿಗಿಂತ ನಮಗೆ ಚೆನ್ನಾಗಿ ಗೊತ್ತು. ಕರೆ ಕಾಯದೆ ಹೋಗಬಹುದಾದ ಮನೆ ಅದು. ಅಲ್ಲಿ ಯಾರೂ ಪರ್ಸು ನೋಡಿ ಮಣೆ ಹಾಕುವುದಿಲ್ಲ. ಬರುವುದು ತಡವಾದರೆ ಒಬ್ಬರು ಬಾಗಿಲಲ್ಲಿ ನಿಂತಿರುತ್ತಾರೆ. ಹೊರಡುವಾಗ ಬಸ್ ನಿಲ್ದಾಣದವರೆಗೂ ಬಂದು, ಸೀಟು ಹಿಡಿದು ಕೂರಿಸಿ, 'ಮುಟ್ಟಿದ ಕೂಡಲೇ ಫೋನ್ ಮಾಡು' ಎಂದು ಹೇಳಿ ಕಳಿಸುತ್ತಾರೆ. ಆಟಕ್ಕೂ ಆಟ ನೋಡುವವರಿಗೂ ಇಂಥ ತವರು ಯಾವ ಊರಿನಲ್ಲಿದೆ ಎಂಬುದನ್ನು ಈ ಲೇಖನದಲ್ಲಿ ವಿಚಾರ ಮಾಡಬೇಕೆಂದಿದ್ದೇನೆ.

ಮದ್ರಸಾದಲ್ಲಿ ಓದಿ, ನಂತರ ಬಿ.ಎ. ಮಾಡಿಕೊಂಡು, ತಿಳವಳ್ಳಿಯಂಥ ಊರಿನಲ್ಲಿ ಮಕ್ಕಳಿಗೆ ಪಾಠ ಹೇಳುವ ಹೆಂಗಸಿಗೆ ಕ್ರಿಕೆಟ್ಟಿನ ಉಸಾಬರಿ ಏಕೆ ಎಂದು ಕೆಲವು ಸಹೋದರಿಯರು ಕೇಳಬಹುದು. ಉಸಾಬರಿ ನಾವು ಬೇಡವೆಂದರೂ ಮನೆಯೊಳಗೆ ಬಂದು ಕೂತಿದೆ. ನನ್ನ ಅಣ್ಣನ ಮಗ ಬೆಂಗಳೂರಿನಲ್ಲಿ ಒಂದು ಖಾಸಗಿ ಕಂಪನಿಯಲ್ಲಿ ಕೆಲಸಕ್ಕಿದ್ದಾನೆ. ಅಕ್ಕನ ಮಗಳನ್ನು ಚೆನ್ನೈಗೆ ಕೊಟ್ಟಿದ್ದೇವೆ, ಅವಳ ಮನೆ ಟ್ರಿಪ್ಲಿಕೇನ್‌ನಲ್ಲಿ. ಈದ್‌ಗೆ ಇಬ್ಬರೂ ಊರಿಗೆ ಬಂದರೆ ಖೀರು ಕುಡಿದ ಬಟ್ಟಲು ತೊಳೆಯುವ ಮೊದಲೇ ವಾದ ಶುರುವಾಗುತ್ತದೆ. 'ಫುಪ್ಪು, ನೀವೇ ಹೇಳ್ರಿ, ನಮ್ಮ ಬೆಂಗಳೂರಿನಂಥ ಜನ ಎಲ್ಲರೆ ಅದಾರೇನು? ಹದಿನೆಂಟು ವರ್ಷ ಕಪ್ ಇಲ್ಲದ ತಂಡವನ್ನ ಬಿಡದೆ ಪ್ರೀತಿ ಮಾಡಿದ್ರು' ಎಂದು ಇವನು. 'ಖಾಲಾ, ಕಪ್ ಗೆದ್ದದ್ದು ಐದು ಸಲ ನಾವು, ಸದ್ದು ಮಾತ್ರ ಇವರದು' ಎಂದು ಅವಳು. ಎಂಬತ್ತರ ಹತ್ತಿರವಿರುವ ನನ್ನ ತಾಯಿ ಕೂತಲ್ಲಿಂದಲೇ, 'ಆಡೋರು ಯಾರೋ, ರೊಕ್ಕ ಯಾರದೋ, ಜಗಳ ಮಾತ್ರ ನಮ್ಮನ್ಯಾಗ' ಎನ್ನುತ್ತಾರೆ.

ನಗೆ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ಪಿಯುಸಿ ಓದುತ್ತಿರುವ ನನ್ನ ಮಗಳು, 'ಅಮ್ಮಿ, ನಾನೂ ಒಮ್ಮೆ ದೊಡ್ಡ ಸ್ಟೇಡಿಯಂನಲ್ಲಿ ಪಂದ್ಯ ನೋಡಲಾ? ಬೆಂಗಳೂರಾದರೂ ಸರಿ, ಚೆನ್ನೈ ಆದರೂ ಸರಿ' ಎಂದು ಕೇಳಿದ್ದಾಳೆ. ಈ ಪ್ರಶ್ನೆಗೆ ನಗುವಿನಲ್ಲಿ ಉತ್ತರ ಕೊಡಲಾಗದು. ಆದ್ದರಿಂದ ಎರಡೂ ಊರುಗಳನ್ನು ಒಬ್ಬ ತಾಯಿಯ ಕಣ್ಣಿನಿಂದ ತೂಗಿ ನೋಡಲು ಹೊರಟಿದ್ದೇನೆ.

ಮೊದಲು ಹಿರಿತನದ ಮಾತು. ಚೆನ್ನೈಯ ಚೆಪಾಕ್ ಮೈದಾನ ಇರುವುದು ಒಂದು ಕಾಲದಲ್ಲಿ ಆರ್ಕಾಟ್ ನವಾಬರ ಅರಮನೆಗೆ ಸೇರಿದ್ದ ಜಾಗದಲ್ಲಿ. 1916ರಲ್ಲಿ ಅಲ್ಲಿ ಕ್ರೀಡಾಂಗಣ ಆಯಿತು. ಸಮೀಪದಲ್ಲೇ ನವಾಬರ ಮನೆತನದವರು 1795ರಲ್ಲಿ ಕಟ್ಟಿಸಿದ ವಾಲಾಜಾ ಮಸೀದಿ ಇದೆ. ರಮಝಾನಿನಲ್ಲಿ ಆ ಮಸೀದಿಯಲ್ಲಿ ಇಫ್ತಾರ್ ಬಡಿಸಲು ಸಿಂಧಿ ಹಿಂದೂ ಬಂಧುಗಳು ವರ್ಷಗಳಿಂದ ಬರುತ್ತಿದ್ದಾರೆ. ಅಕ್ಕನ ಮಗಳು ಅದನ್ನು ಕಂಡು ಮೊದಲ ವರ್ಷವೇ ನಮಗೆ ಫೋನ್ ಮಾಡಿ ಹೇಳಿದ್ದಳು. ಒಂದೇ ಬೀದಿಯ ಸುತ್ತಿನಲ್ಲಿ ಮಸೀದಿ, ಮಾರುಕಟ್ಟೆ, ಮೈದಾನ, ಸಮುದ್ರ. ಆಟವು ಊರಿನ ಹೊರಗೆ ಬೇರೆಯಾಗಿ ನಿಲ್ಲದೆ ಮೊಹಲ್ಲಾದ ಒಳಗೇ ಬೆಳೆದ ಜಾಗ ಅದು.

ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣ ಇದಕ್ಕಿಂತ ಕಿರಿಯದು. ಅಲ್ಲಿ ಮೊದಲ ಟೆಸ್ಟ್ ಪಂದ್ಯ ನಡೆದದ್ದು 1974ರ ನವೆಂಬರ್‌ನಲ್ಲಿ. ಆದರೆ ಎರಡು ಊರುಗಳ ಪೈಪೋಟಿ ಅದಕ್ಕಿಂತ ಹಳೆಯದು. ರಣಜಿ ಟ್ರೋಫಿಯ ಇತಿಹಾಸದ ಮೊಟ್ಟಮೊದಲ ಪಂದ್ಯ 1934ರ ನವೆಂಬರ್ 4ರಂದು ಚೆಪಾಕಿನಲ್ಲಿ ನಡೆಯಿತು. ಆಡಿದವರು ಮದ್ರಾಸ್ ಮತ್ತು ಮೈಸೂರು. ಒಂದೇ ದಿನದಲ್ಲಿ ಆಟ ಮುಗಿದು ಮದ್ರಾಸ್ ಗೆದ್ದಿತು. ಆಗ ನಮ್ಮ ಹಾನಗಲ್ ಸೀಮೆ ಮುಂಬೈ ಪ್ರಾಂತ್ಯದ ಧಾರವಾಡ ಜಿಲ್ಲೆಯಲ್ಲಿತ್ತು. ಅಂದರೆ ಆ ದಿನ ಮೈಸೂರು ಸೋತಿದ್ದಕ್ಕೆ ನಮ್ಮ ಮುತ್ತಜ್ಜಂದಿರು ದುಃಖಪಡುವ ಕಾರಣವೇ ಇರಲಿಲ್ಲ. ಯಾವುದನ್ನು ನಾವು 'ನಮ್ಮ ತಂಡ' ಎಂದು ಎದೆ ತಟ್ಟಿಕೊಳ್ಳುತ್ತೇವೋ ಅದು ಗಡಿಗೆರೆಯ ಜೊತೆ ಬದಲಾಗುವಂಥದ್ದು. ಇದನ್ನು ನಾನು ಮಕ್ಕಳಿಗೆ ಇತಿಹಾಸದ ಪಾಠದಲ್ಲಿ ಹೇಳುವುದುಂಟು.

ಆಟಗಾರರನ್ನು ಬೆಳೆಸುವ ವಿಷಯ ಬಂದರೆ ಬೆಂಗಳೂರಿನ ತಕ್ಕಡಿ ತಗ್ಗುತ್ತದೆ. 1973ರ ನವೆಂಬರ್ 1ರಂದು ನಮ್ಮ ರಾಜ್ಯಕ್ಕೆ ಕರ್ನಾಟಕ ಎಂಬ ಹೆಸರು ಬಂತು. ಆ ಹೆಸರಿನಲ್ಲಿ ಆಡಿದ ಮೊದಲ ವರ್ಷವೇ, ಅಂದರೆ 1973-74ರಲ್ಲಿ, ಪ್ರಸನ್ನ ಅವರ ನಾಯಕತ್ವದ ತಂಡ ರಣಜಿ ಗೆದ್ದಿತು. ಅದಕ್ಕೆ ಮೊದಲು ಮುಂಬೈ ಸತತ ಹದಿನೈದು ವರ್ಷ ಆ ಟ್ರೋಫಿಯನ್ನು ಯಾರಿಗೂ ಬಿಟ್ಟುಕೊಟ್ಟಿರಲಿಲ್ಲ. 2014-15ರವರೆಗೆ ಕರ್ನಾಟಕ ಎಂಟು ಸಲ ಗೆದ್ದಿತ್ತು. ತಮಿಳುನಾಡಿನ ಲೆಕ್ಕ, ಮದ್ರಾಸ್ ಎಂದು ಆಡಿದ ಕಾಲವನ್ನೂ ಸೇರಿಸಿ, ಎರಡು. ಆದರೂ ಊರಿಗೆ ಊರನ್ನು ಎದುರು ನಿಲ್ಲಿಸುವವರು ಒಂದು ಸಂಗತಿ ಮರೆಯಬಾರದು. 1983ರ ವಿಶ್ವಕಪ್ಪಿನಲ್ಲಿ ಅತ್ಯುತ್ತಮ ವಿಕೆಟ್ ಕೀಪರ್ ಎನಿಸಿಕೊಂಡ ಸೈಯದ್ ಕಿರ್ಮಾನಿ ಸಾಹೇಬರು ಕರ್ನಾಟಕದ ಆಟಗಾರ. ಅವರು ಹುಟ್ಟಿದ್ದು ಮದ್ರಾಸಿನಲ್ಲಿ.

ಕ್ರಿಕೆಟ್ಟಿನ ಗದ್ದಲದಲ್ಲಿ ಬೆಂಗಳೂರಿನ ಫುಟ್‌ಬಾಲನ್ನು ನಮ್ಮವರೇ ಮರೆತಿದ್ದಾರೆ. ಮುಂಬೈಯಲ್ಲಿ 1891ರಲ್ಲಿ ಶುರುವಾದ ರೋವರ್ಸ್ ಕಪ್ ಎಂಬ ಪಂದ್ಯಾವಳಿಯಲ್ಲಿ ದಶಕಗಳ ಕಾಲ ಬ್ರಿಟಿಷ್ ಪಲ್ಟನ್‌ಗಳೇ ಗೆಲ್ಲುತ್ತಿದ್ದವು. 1937ರಲ್ಲಿ ಅದನ್ನು ಗೆದ್ದ ಮೊದಲ ಭಾರತೀಯ ತಂಡ 'ಬೆಂಗಳೂರು ಮುಸ್ಲಿಮ್ಸ್'. ಮರುವರ್ಷವೂ ಅವರೇ ಗೆದ್ದರು. ಈಗಿನ ಕಾಲಕ್ಕೆ ಬಂದರೆ, 2018ರ ಮಾರ್ಚ್ 17ರಂದು ಇಂಡಿಯನ್ ಸೂಪರ್ ಲೀಗಿನ ಫೈನಲ್‌ನಲ್ಲಿ ಚೆನ್ನೈಯಿನ್ ತಂಡ ಬೆಂಗಳೂರಿನ ಕಂಠೀರವ ಕ್ರೀಡಾಂಗಣಕ್ಕೇ ಬಂದು 3-2ರಿಂದ ಬೆಂಗಳೂರು ತಂಡವನ್ನು ಸೋಲಿಸಿತು. ಮರುವರ್ಷ ಬೆಂಗಳೂರು ಅದೇ ಕಪ್ ಗೆದ್ದುಕೊಂಡಿತು. 2023ರ ಮಾರ್ಚ್‌ನಲ್ಲಿ ಸೌದಿ ಅರೇಬಿಯಾದ ರಿಯಾದ್ ನಗರದಲ್ಲಿ ನಡೆದ ಫೈನಲ್‌ನಲ್ಲಿ ಕರ್ನಾಟಕ ತಂಡ ಮೇಘಾಲಯವನ್ನು ಸೋಲಿಸಿ, 54 ವರ್ಷಗಳ ನಂತರ ಸಂತೋಷ್ ಟ್ರೋಫಿ ತಂದಿತು. ನಮ್ಮ ಓಣಿಯಿಂದ ರಿಯಾದ್‌ಗೆ ದುಡಿಯಲು ಹೋದ ಹುಡುಗರಿದ್ದಾರೆ. ಟ್ರೋಫಿ ಗೆಲ್ಲಲು ಅಲ್ಲಿಗೆ ಹೋದವರ ಸುದ್ದಿ ಮಾತ್ರ ನಮ್ಮ ಮನೆಗಳಿಗೆ ತಲುಪಲೇ ಇಲ್ಲ.

ತವರಿನ ದೊಡ್ಡ ಗುಣ ಅತಿಥಿಯನ್ನು ನಡೆಸಿಕೊಳ್ಳುವ ರೀತಿ. ಈ ವಿಷಯದಲ್ಲಿ ಚೆನ್ನೈಗೆ ನಾನು ಮನಸಾರೆ ಅಂಕ ಕೊಡುತ್ತೇನೆ. 1999ರ ಜನವರಿಯಲ್ಲಿ ಈದ್ ಕಳೆದು ಹನ್ನೆರಡು ದಿನವಾಗಿರಬಹುದು. ರಜೆಗೆಂದು ಮದ್ರಸಾದಿಂದ ಮನೆಗೆ ಬಂದಿದ್ದೆ. ಚೆಪಾಕಿನಲ್ಲಿ ಭಾರತ-ಪಾಕಿಸ್ತಾನ ಟೆಸ್ಟ್. ಅಬ್ಬಾನವರ ರೇಡಿಯೋ ಸುತ್ತ ಓಣಿಯ ಅರ್ಧ ಜನ ಸೇರಿದ್ದರು, ಹಿಂದೂ ಮುಸ್ಲಿಮ್ ಎಂಬ ಭೇದವಿಲ್ಲದೆ. ಸಚಿನ್ ಬೆನ್ನುನೋವಿನಲ್ಲೇ 136 ಹೊಡೆದು ಔಟಾದರು. ಅವರ ಹಿಂದೆಯೇ ಉಳಿದವರೂ ಹೋದರು. ಭಾರತ 12 ರನ್ನುಗಳಿಂದ ಸೋತಿತು. ಅಬ್ಬಾ ರೇಡಿಯೋದ ಕಿವಿ ತಿರುಗಿಸಿ ಆರಿಸಲು ಹೋದಾಗಲೇ ವೀಕ್ಷಕ ವಿವರಣೆಕಾರರ ದನಿ ಬದಲಾಯಿತು. ಚೆನ್ನೈಯ ಜನ ಎದ್ದು ನಿಂತು ಗೆದ್ದವರಿಗೆ ಚಪ್ಪಾಳೆ ತಟ್ಟುತ್ತಿದ್ದರು. ಪಾಕಿಸ್ತಾನದ ಆಟಗಾರರು ಮೈದಾನಕ್ಕೆ ಒಂದು ಸುತ್ತು ಹಾಕಿದರು.

ಆ ಚಪ್ಪಾಳೆ ನಮ್ಮ ಮನೆಯಲ್ಲಿ ಹೇಗೆ ಕೇಳಿಸಿತೆಂದು ಸಹೋದರಿಯರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಈ ಎರಡು ದೇಶಗಳ ಪಂದ್ಯವೆಂದರೆ ನಮ್ಮ ಹಿರಿಯರಿಗೆ ಒಂದು ಆತಂಕ ಇದ್ದೇ ಇರುತ್ತದೆ. ಮಕ್ಕಳು ಹೊರಗೆ ಹೋದಾಗ ಯಾರಾದರೂ ಕುಹಕದಿಂದ 'ನೀವು ಯಾರ ಕಡೆ?' ಎಂದು ಕೇಳಿಯಾರು ಎಂಬ ಆತಂಕ. ನಾವು ಭಾರತ ಸೋತಿದ್ದಕ್ಕೆ ಎಲ್ಲರಂತೆಯೇ ನೊಂದಿದ್ದೆವು. ಸೋಲಿನ ನೋವನ್ನು ಇಟ್ಟುಕೊಂಡೇ ಎದುರಾಳಿಯ ಆಟವನ್ನು ಮೆಚ್ಚಬಹುದು, ಅದರಿಂದ ದೇಶಪ್ರೇಮ ಕಡಿಮೆಯಾಗುವುದಿಲ್ಲ ಎಂದು ಸಾವಿರಾರು ಜನ ಒಟ್ಟಿಗೆ ತೋರಿಸಿದ್ದರು. ಅಬ್ಬಾ ಅಂದು 'ಶಾಬಾಸ್' ಎಂದದ್ದು ಆ ಜನರಿಗೆ. 2023ರ ಅಕ್ಟೋಬರ್‌ನಲ್ಲಿ ವಿಶ್ವಕಪ್ ಪಂದ್ಯದಲ್ಲಿ ಅಫ್ಘಾನಿಸ್ತಾನ ಅದೇ ಮೈದಾನದಲ್ಲಿ ಪಾಕಿಸ್ತಾನವನ್ನು ಸೋಲಿಸಿದಾಗಲೂ ಚೆನ್ನೈಯ ಜನ ಆ ಹುಡುಗರನ್ನು ಹಾಗೆಯೇ ಹರಸಿದರು.

ಹಾಗೆಂದು ಚೆನ್ನೈಯನ್ನು ಅಟ್ಟಕ್ಕೇರಿಸುವುದೂ ಬೇಡ. ಕಾವೇರಿ ನೀರಿನ ಜಗಳ ಎರಡೂ ಊರುಗಳ ಬುದ್ಧಿಯನ್ನು ಕೆಡಿಸಿದ್ದುಂಟು. 2016ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನಲ್ಲಿ ತಮಿಳುನಾಡಿನ ಬಸ್ಸುಗಳಿಗೆ ಬೆಂಕಿ ಬಿತ್ತು. 2018ರ ಏಪ್ರಿಲ್‌ನಲ್ಲಿ ಅದೇ ಕಾವೇರಿಯ ಪ್ರತಿಭಟನೆಯಿಂದಾಗಿ ಚೆಪಾಕಿನಲ್ಲಿ ಒಂದೇ ಐಪಿಎಲ್ ಪಂದ್ಯ ನಡೆದು, ಚೆನ್ನೈ ತಂಡದ ಉಳಿದ ತವರು ಪಂದ್ಯಗಳು ಪುಣೆಗೆ ಹೋದವು. ಆಗ ಅಭಿಮಾನಿಗಳಿಗಾಗಿ ಚೆನ್ನೈಯಿಂದ ಪುಣೆಗೆ ಒಂದು ವಿಶೇಷ ರೈಲೇ ಹೊರಟಿತು. ಬೆಂಗಳೂರಿನ ಕಬಡ್ಡಿ ತಂಡಕ್ಕೂ 2017ರಲ್ಲಿ ಇದೇ ಗತಿಯಾಗಿತ್ತು. ಊರಿನಲ್ಲಿ ಕ್ರೀಡಾಂಗಣ ಸಿಗದೆ 'ತವರು' ಪಂದ್ಯಗಳನ್ನು ನಾಗಪುರದಲ್ಲಿ ಆಡಿದರು. ತವರಿಗೆ ಹೋದ ಮಗಳಿಗೆ ಬಾಗಿಲು ಹಾಕಿದ್ದರೆ ಹೇಗಾಗುತ್ತದೋ ಆಟಗಾರರಿಗೂ ಹಾಗೆಯೇ ಆಗಿರಬೇಕು.

ಇನ್ನು ಹಣದ ಮಾತು. 2025ರ ಐಪಿಎಲ್‌ನಲ್ಲಿ ಚೆನ್ನೈಯಲ್ಲಿ ಎಲ್ಲಕ್ಕಿಂತ ಕಡಿಮೆ ದರದ ಟಿಕೆಟ್ 1,700 ರೂಪಾಯಿ, ಬೆಂಗಳೂರಿನಲ್ಲಿ 2,300. ಗಂಡ, ಹೆಂಡತಿ, ಇಬ್ಬರು ಮಕ್ಕಳ ಮನೆಗೆ ಅಲ್ಲಿ 6,800, ಇಲ್ಲಿ 9,200. ಹೋಗಿಬರುವ ಖರ್ಚು, ಊಟ, ವಸತಿ ಬೇರೆ. ನಮ್ಮ ಕಡೆ ದಿನಗೂಲಿಗೆ ಹೋಗುವವರು, ಹೊಲಿಗೆ ಯಂತ್ರ ತುಳಿಯುವ ಹೆಣ್ಣುಮಕ್ಕಳು ಈ ದುಡ್ಡಿನಲ್ಲಿ ಒಂದು ತಿಂಗಳ ಕಿರಾಣಿ ತರುತ್ತಾರೆ. ಚೆನ್ನೈಯಲ್ಲಿ ಒಂದು ಅನುಕೂಲ ಮೆಚ್ಚುವಂಥದ್ದು. 2024ರ ಐಪಿಎಲ್‌ನಲ್ಲಿ ಪಂದ್ಯದ ಟಿಕೆಟ್ ತೋರಿಸಿದವರನ್ನು ನಗರ ಬಸ್ಸಿನಲ್ಲಿ ಉಚಿತವಾಗಿ ಕರೆದೊಯ್ದರು. ಮೈದಾನದ ಪಕ್ಕಕ್ಕೇ ರೈಲು ನಿಲ್ದಾಣವೂ ಇದೆ. ಬೆಂಗಳೂರಿನಲ್ಲೂ ಮೆಟ್ರೋ ಹತ್ತಿರವೇ ನಿಲ್ಲುತ್ತದೆ. ಆದರೆ ಮೂವತ್ತೈದು ಸಾವಿರ ಜನ ಒಮ್ಮೆಗೇ ಹೊರಬಿದ್ದರೆ ಆ ಬೀದಿಗಳು ಎಷ್ಟೆಂದು ತಡೆದಾವು?

ಅದರ ಉತ್ತರ 2025ರ ಜೂನ್ 4ರಂದು ಸಿಕ್ಕಿತು.

ಹಿಂದಿನ ರಾತ್ರಿ ಅಹಮದಾಬಾದಿನಲ್ಲಿ ಬೆಂಗಳೂರು ತಂಡ ಪಂಜಾಬನ್ನು 6 ರನ್ನುಗಳಿಂದ ಸೋಲಿಸಿ, ಹದಿನೆಂಟನೇ ವರ್ಷಕ್ಕೆ ಮೊದಲ ಕಪ್ ಗೆದ್ದಿತ್ತು. 'ಈ ಸಲ ಕಪ್ ನಮ್ದೇ' ಎಂದು ಪ್ರತಿ ವರ್ಷ ಹೇಳಿ ನಗೆಪಾಟಲಾದವರು ಅಂದು ನಿದ್ದೆ ಮಾಡಲಿಲ್ಲ. ಮರುದಿನವೇ ವಿಧಾನಸೌಧದಲ್ಲಿ ಸನ್ಮಾನ, ಚಿನ್ನಸ್ವಾಮಿಯಲ್ಲಿ ಸಂಭ್ರಮ ಎಂದು ಪ್ರಕಟವಾಯಿತು. ಸುಮಾರು 35 ಸಾವಿರ ಜನ ಹಿಡಿಯುವ ಜಾಗಕ್ಕೆ ಎರಡು-ಮೂರು ಲಕ್ಷ ಜನ ಬಂದರೆಂದು ಮುಖ್ಯಮಂತ್ರಿಗಳೇ ಹೇಳಿದರು. ಗೇಟುಗಳ ಬಳಿ ಆದ ನೂಕುನುಗ್ಗಲಿನಲ್ಲಿ 11 ಜನ ಪ್ರಾಣ ಬಿಟ್ಟರು. ಐವತ್ತಕ್ಕೂ ಹೆಚ್ಚು ಜನ ಗಾಯಗೊಂಡರು. ತೀರಿಹೋದವರಲ್ಲಿ ಶಾಲೆಗೆ ಹೋಗುವ ವಯಸ್ಸಿನವರಿದ್ದರು. ಹಲವರು ಹೆಣ್ಣುಮಕ್ಕಳು.

ಅಣ್ಣನ ಮಗ ಬೆಳಿಗ್ಗೆಯೇ ಫೋನ್ ಮಾಡಿ, 'ಅರ್ಧ ದಿನ ರಜೆ ಹಾಕಿ ಹೊಂಟೀನಿ ಫುಪ್ಪು' ಎಂದಿದ್ದ. ಸಂಜೆ ಟಿವಿಯಲ್ಲಿ ರಸ್ತೆಯ ತುಂಬ ಬಿದ್ದಿದ್ದ ಚಪ್ಪಲಿಗಳನ್ನು ತೋರಿಸತೊಡಗಿದರು. ಅವನ ಫೋನ್ ಸಿಗಲಿಲ್ಲ. ಭಾಬಿ ಮುಸಲ್ಲಾ ಬಿಟ್ಟು ಏಳಲಿಲ್ಲ. ಅಣ್ಣ ಅಂಗಳದಲ್ಲಿ ಅತ್ತಿಂದಿತ್ತ ತಿರುಗುತ್ತಿದ್ದ. ಸುಮಾರು ಮೂರು ಗಂಟೆ ಹೀಗೇ ಕಳೆಯಿತು. ಮಗ್ರಿಬ್ ಆದ ಮೇಲೆ ಬೇರೆ ಯಾರದೋ ಫೋನಿನಿಂದ ಅವನ ಕರೆ ಬಂತು. ಜನಸಂದಣಿ ನೋಡಿ ಹೆದರಿ ದೂರದಿಂದಲೇ ಹಿಂದಿರುಗಿದ್ದ. ಫೋನಿಗೆ ನೆಟ್‌ವರ್ಕ್ ಸಿಕ್ಕಿರಲಿಲ್ಲ, ನಂತರ ಚಾರ್ಜ್ ಮುಗಿದಿತ್ತು. ಅಲ್ಹಮ್ದುಲಿಲ್ಲಾಹ್, ನಮ್ಮ ಮಗು ಉಳಿಯಿತು. ಆದರೆ ಅದೇ ಹೊತ್ತಿನಲ್ಲಿ ಹನ್ನೊಂದು ಮನೆಗಳ ಫೋನುಗಳಿಗೆ ಬೇರೆಯೇ ಸುದ್ದಿ ಹೋಗಿತ್ತು. ಆ ತಾಯಂದಿರೂ ಬೆಳಿಗ್ಗೆ 'ಊಟ ಮಾಡಿ ಹೋಗು' ಎಂದೇ ಕಳಿಸಿದವರು.

ನ್ಯಾಯಮೂರ್ತಿ ಮೈಕಲ್ ಡಿ'ಕುನ್ಹಾ ಅವರ ಆಯೋಗ ವಿಚಾರಣೆ ನಡೆಸಿ, ಆ ಕ್ರೀಡಾಂಗಣ ದೊಡ್ಡ ಜನಜಂಗುಳಿಗೆ ಸುರಕ್ಷಿತವಲ್ಲ ಎಂದು 2025ರ ಜುಲೈನಲ್ಲಿ ಹೇಳಿತು. ಅದೇ ವರ್ಷ ಬೆಂಗಳೂರಿನಲ್ಲಿ ನಡೆಯಬೇಕಿದ್ದ ಮಹಿಳಾ ವಿಶ್ವಕಪ್ ಪಂದ್ಯಗಳನ್ನು ಅಲ್ಲಿಂದ ತೆಗೆದು, ಆ ಸ್ಥಾನಕ್ಕೆ ನವಿ ಮುಂಬೈಯನ್ನು ಸೇರಿಸಿದರು. ಭಾರತದ ಹೆಣ್ಣುಮಕ್ಕಳು ನವೆಂಬರ್ 2ರಂದು ಮೊದಲ ಸಲ ವಿಶ್ವಕಪ್ ಎತ್ತಿದ್ದು ಆ ನವಿ ಮುಂಬೈಯಲ್ಲಿ. ಆಗಸ್ಟ್‌ನಲ್ಲಿ ಸರ್ಕಾರ ಬೆಂಗಳೂರಿನ ಹೊರಗೆ ಬೊಮ್ಮಸಂದ್ರದ ಕಡೆ 80 ಸಾವಿರ ಆಸನಗಳ ಹೊಸ ಕ್ರೀಡಾಂಗಣಕ್ಕೆ ಒಪ್ಪಿಗೆ ಕೊಟ್ಟಿತು. ಆಸನ ಹೆಚ್ಚಾಗುವುದು ಒಳ್ಳೆಯದೇ. ಆದರೆ ಅಂದು ಜನ ಸತ್ತದ್ದು ಆಸನದ ಮೇಲಲ್ಲ, ಗೇಟಿನ ಹೊರಗೆ. ಎಷ್ಟು ಜನರನ್ನು ಕರೆಯುತ್ತೇವೆ, ಯಾವ ದಾರಿಯಿಂದ ಒಳಬಿಡುತ್ತೇವೆ, ಯಾವ ದಾರಿಯಿಂದ ಮನೆಗೆ ಕಳಿಸುತ್ತೇವೆ ಎಂಬ ಲೆಕ್ಕ ಮೊದಲೇ ಆಗಬೇಕು. ಮದುವೆ ಮನೆಯಲ್ಲಿ ಬಾಣಸಿಗರು ಮೊದಲು ಕೇಳುವುದೇ 'ಜನ ಎಷ್ಟು?' ಎಂದು. ಇಷ್ಟು ಸಣ್ಣ ಬುದ್ಧಿ ದೊಡ್ಡ ಊರುಗಳಿಗೆ ಇರಬೇಡವೇ?

ಇದು ಬೆಂಗಳೂರಿನ ಒಂದೇ ಕಥೆಯಲ್ಲ. 2024ರ ಅಕ್ಟೋಬರ್ 6ರಂದು ಚೆನ್ನೈಯಲ್ಲಿ, ಚೆಪಾಕಿನ ಪಕ್ಕದ ಮರೀನಾ ಕಡಲತೀರದಲ್ಲಿ ವಾಯುಪಡೆಯ ವಿಮಾನ ಪ್ರದರ್ಶನ ನೋಡಲು ಸೇರಿದ ಜನಸಾಗರದಲ್ಲಿ ಬಿಸಿಲು, ಬಾಯಾರಿಕೆಗಳಿಗೆ 5 ಜನ ಬಲಿಯಾದರು. ಕೋಲ್ಕತಾದಲ್ಲಿ 1980ರ ಆಗಸ್ಟ್ 16ರಂದು ಮೋಹನ್ ಬಾಗಾನ್ ಮತ್ತು ಈಸ್ಟ್ ಬೆಂಗಾಲ್ ಪಂದ್ಯದಲ್ಲಿ ಅಭಿಮಾನಿಗಳ ಗಲಾಟೆಗೆ 16 ಜನ ಸತ್ತರು. ಆ ಊರಿನವರು ಇಂದಿಗೂ ಆ ದಿನ ರಕ್ತದಾನ ಮಾಡಿ ಅವರನ್ನು ನೆನೆಯುತ್ತಾರೆ. ಇಷ್ಟು ದೂರ ಏಕೆ? ನಮ್ಮ ಹಾವೇರಿ ಜಿಲ್ಲೆಯ ಹೋರಿ ಹಬ್ಬವನ್ನೇ ನೋಡಿ. ಹೋರಿಗೆ ಸಿನಿಮಾ ನಟರಂತೆ ಹೆಸರು, ಕೊರಳಿಗೆ ಕೊಬ್ಬರಿ ಹಾರ, ಹಿಂದೆ ಅಭಿಮಾನಿಗಳ ದಂಡು. ಯಾವ ಊರಿನ ಹೋರಿ ಹೆಚ್ಚು ಎಂಬ ವಾದ ಬೆಂಗಳೂರು-ಚೆನ್ನೈ ವಾದಕ್ಕಿಂತ ಏನೂ ಕಡಿಮೆಯದಲ್ಲ. 2025ರ ದೀಪಾವಳಿಯ ಹೊತ್ತಿನಲ್ಲೂ ಹೋರಿ ಓಟದಲ್ಲಿ ನಮ್ಮ ಜಿಲ್ಲೆಯಲ್ಲಿ ಜೀವಗಳು ಹೋದವು. ಅಭಿಮಾನ ಎಲ್ಲಿ ಮೈಮರೆಯುತ್ತದೋ ಅಲ್ಲಿ ಊರು ದೊಡ್ಡದಾದರೂ ಒಂದೇ, ಸಣ್ಣದಾದರೂ ಒಂದೇ.

ಈಗ ಹೆಣ್ಣುಮಕ್ಕಳ ಮಾತಿಗೆ ಬರೋಣ. ಇದರಲ್ಲಿ ಬೆಂಗಳೂರು ಹಿರಿಯಕ್ಕ. ಭಾರತದ ಮಹಿಳಾ ತಂಡ ತನ್ನ ಮೊದಲ ಟೆಸ್ಟ್ ಆಡಿದ್ದು 1976ರ ಅಕ್ಟೋಬರ್ 31ರಿಂದ, ವೆಸ್ಟ್ ಇಂಡೀಸ್ ವಿರುದ್ಧ, ಬೆಂಗಳೂರಿನಲ್ಲಿ. ನಾಯಕಿ ಶಾಂತಾ ರಂಗಸ್ವಾಮಿ ಇದೇ ಊರಿನವರು. 2024ರಲ್ಲಿ ಮಹಿಳೆಯರ ಲೀಗಿನ ಮೊದಲ ಹಂತದ ಪಂದ್ಯಗಳು ಅಲ್ಲಿ ನಡೆದಾಗ ಗ್ಯಾಲರಿಗಳಲ್ಲಿ ಅಮ್ಮಂದಿರು, ಅಜ್ಜಿಯರು, ಬುರ್ಖಾ ಧರಿಸಿದ ಸಹೋದರಿಯರು ಮಕ್ಕಳ ಕೈ ಹಿಡಿದು ಕೂತಿದ್ದನ್ನು ಟಿವಿಯಲ್ಲಿ ಕಂಡೆವು. ಆ ಮಾರ್ಚ್ 17ರಂದು ಬೆಂಗಳೂರಿನ ಹೆಣ್ಣುಮಕ್ಕಳು ಕಪ್ ಗೆದ್ದರು. ಗಂಡುಮಕ್ಕಳು ಗೆಲ್ಲುವುದಕ್ಕೆ ಒಂದು ವರ್ಷ ಮೊದಲೇ! ಚೆನ್ನೈಯೂ ಹಿಂದೆ ಬಿದ್ದಿಲ್ಲ. ಅದೇ ವರ್ಷ ಜೂನ್‌ನಲ್ಲಿ ಚೆಪಾಕಿನಲ್ಲಿ ಶಫಾಲಿ ವರ್ಮಾ ದಕ್ಷಿಣ ಆಫ್ರಿಕಾದ ವಿರುದ್ಧ ಟೆಸ್ಟ್‌ನಲ್ಲಿ 205 ಹೊಡೆದಳು. ಆದರೆ 2023ರಲ್ಲಿ ಐದು ತಂಡಗಳಿಂದ ಮಹಿಳಾ ಲೀಗ್ ಶುರುವಾದಾಗ ಅದರಲ್ಲಿ ಚೆನ್ನೈಯ ಹೆಸರಿನ ತಂಡ ಇರಲಿಲ್ಲ. ಇದನ್ನು ನೆನಪಿಸಿದಾಗ ಅಕ್ಕನ ಮಗಳು ಮೊದಲ ಸಲ ಮಾತಿಲ್ಲದೆ ಕೂತಳು.

ನನ್ನನ್ನು ಕಾಡುವ ಇನ್ನೊಂದು ಪ್ರಶ್ನೆ ಇದೆ. ಬೆಂಗಳೂರು, ಚೆನ್ನೈ ಎಂದು ಹೊಡೆದಾಡುವ ನಮ್ಮ ಮಕ್ಕಳಿಗೆ ಹತ್ತಿರದ ಹುಬ್ಬಳ್ಳಿ ಏಕೆ ಕಾಣುವುದಿಲ್ಲ? ಗದಗಿನ ಸುನೀಲ್ ಜೋಶಿ ಹುಡುಗನಾಗಿದ್ದಾಗ ಬೆಳಿಗ್ಗೆ ಎದ್ದು ಹುಬ್ಬಳ್ಳಿಗೆ ಬಂದು ಅಭ್ಯಾಸ ಮಾಡಿ, ಶಾಲೆಯ ಹೊತ್ತಿಗೆ ಗದಗಿಗೆ ಮರಳುತ್ತಿದ್ದರು. ಆ ಹುಡುಗ ಮುಂದೆ 1999ರಲ್ಲಿ ನೈರೋಬಿಯಲ್ಲಿ ದಕ್ಷಿಣ ಆಫ್ರಿಕಾದಂಥ ತಂಡದ ವಿರುದ್ಧ 10 ಓವರುಗಳಲ್ಲಿ ಬರೀ 6 ರನ್ ಕೊಟ್ಟು 5 ವಿಕೆಟ್ ಪಡೆದರು. ವಿಜಯಪುರದ ರಾಜೇಶ್ವರಿ ಗಾಯಕವಾಡ 2017ರ ವಿಶ್ವಕಪ್ಪಿನಲ್ಲಿ ನ್ಯೂಜಿಲೆಂಡ್ ವಿರುದ್ಧ 15 ರನ್ನಿಗೆ 5 ವಿಕೆಟ್ ಕಿತ್ತು ಭಾರತವನ್ನು ಸೆಮಿಫೈನಲ್‌ಗೆ ಒಯ್ದಳು. ಪ್ರತಿಭೆ ಈ ಕಡೆ ಇದೆ. ಹುಬ್ಬಳ್ಳಿಗೂ ಬೆಳಗಾವಿಗೂ ಮೈದಾನಗಳಿವೆ. 2019ರ ಮೇ-ಜೂನ್‌ನಲ್ಲಿ ಭಾರತ 'ಎ' ಮತ್ತು ಶ್ರೀಲಂಕಾ 'ಎ' ತಂಡಗಳು ಎರಡೂ ಕಡೆ ಆಡಿದವು. ಈ ಎರಡು ಊರುಗಳೂ ಹೈಕೋರ್ಟ್ ಪೀಠದಿಂದ ಹಿಡಿದು ರೈಲಿನವರೆಗೆ ಎಲ್ಲದಕ್ಕೂ ಜಗ್ಗಾಡುತ್ತವೆ. ಆಟದಲ್ಲಾದರೂ ಎರಡಕ್ಕೂ ಪಾಲು ಸಿಕ್ಕಿದೆ.

ಆದರೆ ಇಲ್ಲೊಂದು ವಿಚಿತ್ರವಿದೆ. 2023ರ ಆಗಸ್ಟ್‌ನಲ್ಲಿ ಮಹಾರಾಜ ಟ್ರೋಫಿಯನ್ನು ಗೆದ್ದದ್ದು ಹುಬ್ಬಳ್ಳಿ ಟೈಗರ್ಸ್ ತಂಡ. ಫೈನಲ್‌ನಲ್ಲಿ ಮೈಸೂರನ್ನು 8 ರನ್ನುಗಳಿಂದ ಸೋಲಿಸಿತು. ಆ ಸಲ ಪಂದ್ಯಗಳೆಲ್ಲ ನಡೆದದ್ದು ಬೆಂಗಳೂರಿನಲ್ಲಿ. ಹುಬ್ಬಳ್ಳಿಯ ಹೆಸರು ಹೊತ್ತ ತಂಡ ಹುಬ್ಬಳ್ಳಿಯಲ್ಲಿ ಒಂದು ಪಂದ್ಯವನ್ನೂ ಆಡದೆ ಕಪ್ ಗೆದ್ದಿತು. ತವರಿನ ಹೆಸರಷ್ಟೇ ಸಿಕ್ಕು, ತವರೂಟ ಸಿಗದ ಮಗಳಂತೆ.

2024ರ ಜನವರಿಯಲ್ಲಿ ಹುಬ್ಬಳ್ಳಿಯ ರಾಜನಗರ ಮೈದಾನದಲ್ಲಿ ಕರ್ನಾಟಕ ಮತ್ತು ಪಂಜಾಬ್ ನಡುವೆ ರಣಜಿ ಪಂದ್ಯವಿತ್ತು. ಎರಡನೇ ದಿನ ಮನೆಯವರು, ನಾನು, ಮಕ್ಕಳು ಹೋದೆವು. ರಣಜಿ ಪಂದ್ಯಕ್ಕೆ ಸಾಮಾನ್ಯವಾಗಿ ಟಿಕೆಟ್ ಇರುವುದಿಲ್ಲ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದಿದ್ದರಿಂದ ನನಗೂ ಮಗಳಿಗೂ ಬಸ್ಸಿನಲ್ಲಿ ಆಧಾರ್ ಕಾರ್ಡು ತೋರಿಸಿದರೆ ಸಾಕು. ಬುತ್ತಿ ಕಟ್ಟಿಕೊಂಡಿದ್ದೆವು. ದೇವದತ್ತ ಪಡಿಕ್ಕಲ್ 193 ಹೊಡೆದ ಇನ್ನಿಂಗ್ಸ್ ಅದು, ಮನೀಷ್ ಪಾಂಡೆ ಅವರದೂ ಶತಕ. ಚೆಂಡು ಬ್ಯಾಟಿಗೆ ತಗಲುವ ಸದ್ದು ನಮಗೆ ಸ್ಪಷ್ಟವಾಗಿ ಕೇಳುತ್ತಿತ್ತು. ಟಿವಿಯಲ್ಲಿ ಅದು ಎಂದೂ ಹಾಗೆ ಕೇಳಿಸಿದ್ದಿಲ್ಲ. ಪಕ್ಕದಲ್ಲಿ ಕೂತಿದ್ದ ಹಿರಿಯರೊಬ್ಬರು ಮಗಳಿಗೆ ಯಾವ ಫೀಲ್ಡರ್ ಎಲ್ಲಿ ನಿಲ್ಲುತ್ತಾನೆ ಎಂದು ತಾಳ್ಮೆಯಿಂದ ಹೇಳಿಕೊಟ್ಟರು. ಪಂಜಾಬಿನವರ ಒಳ್ಳೆಯ ಫೀಲ್ಡಿಂಗಿಗೂ ಜನ ಚಪ್ಪಾಳೆ ತಟ್ಟಿದರು. ಜುಹರ್ ನಮಾಝನ್ನು ವಿರಾಮದಲ್ಲಿ ಮುಗಿಸಿಕೊಂಡೆವು. ಬೆಳಕಿರುವಾಗಲೇ ಆಟ ಮುಗಿಯಿತು. ರಾತ್ರಿ ಊಟಕ್ಕೆ ಮನೆಯಲ್ಲಿದ್ದೆವು.

ಹಾಗಾದರೆ ಎರಡು ಮಹಾನಗರಗಳ ತೀರ್ಪೇನು? ಆಟಗಾರರನ್ನು ಬೆಳೆಸುವುದರಲ್ಲಿ, ಹೆಣ್ಣುಮಕ್ಕಳ ಆಟಕ್ಕೆ ಬಾಗಿಲು ತೆರೆದುದರಲ್ಲಿ, ಸೋತವರ ಜೊತೆ ಹದಿನೆಂಟು ವರ್ಷ ನಿಂತ ನಿಷ್ಠೆಯಲ್ಲಿ ಬೆಂಗಳೂರು ಮುಂದಿದೆ. ಅತಿಥಿಯ ಗೌರವದಲ್ಲಿ, ಬಡವನ ಜೇಬನ್ನು ಸ್ವಲ್ಪ ನೋಡುವುದರಲ್ಲಿ, ಮೈದಾನವನ್ನು ಊರಿನ ಬದುಕಿಗೆ ಹೊಂದಿಸಿಕೊಂಡಿದ್ದರಲ್ಲಿ ಚೆನ್ನೈ ಮುಂದಿದೆ. ಬಂದವರನ್ನು ಸುರಕ್ಷಿತವಾಗಿ ಮನೆಗೆ ಕಳಿಸುವ ಪಾಠವನ್ನು ಎರಡೂ ಊರುಗಳು ಕಲಿಯಬೇಕಾಗಿದೆ. ತಾಯಿಯಾದವಳ ತಕ್ಕಡಿಯಲ್ಲಿ ಈ ಕೊನೆಯದಕ್ಕೆ ಉಳಿದೆಲ್ಲಕ್ಕಿಂತ ತೂಕ ಹೆಚ್ಚು.

ಮಗಳಿಗೆ ನಾನು ಬೇಡ ಎನ್ನಲಿಲ್ಲ. ಭಯದಿಂದ ಹೆಣ್ಣುಮಕ್ಕಳನ್ನು ಮನೆಯಲ್ಲಿ ಕೂರಿಸಿದರೆ, ಜನ ಸೇರುವ ಜಾಗಗಳು ನಮ್ಮನ್ನು ಲೆಕ್ಕಕ್ಕೆ ಹಿಡಿಯದೆಯೇ ಕಟ್ಟಲ್ಪಡುತ್ತವೆ. ಶೌಚಾಲಯ, ಕುಡಿಯುವ ನೀರು, ಮಕ್ಕಳನ್ನು ಎತ್ತಿಕೊಂಡು ಇಳಿಯುವಂಥ ಮೆಟ್ಟಿಲು ಇವನ್ನೆಲ್ಲ ಕೇಳುವವರು ಅಲ್ಲಿಗೆ ಹೋದವರೇ ಆಗಿರಬೇಕು. ಅವಳಿಗೆ ಕೆಲವು ಕಟ್ಟಳೆ ಹೇಳಿದ್ದೇನೆ. ಸಹೋದರಿಯರಿಗೂ ಉಪಯೋಗವಾದೀತೆಂದು ಬರೆಯುತ್ತೇನೆ. ಟಿಕೆಟ್ ಕೈಯಲ್ಲಿ ಇಲ್ಲದೆ ಮೈದಾನದ ಹತ್ತಿರ ಹೋಗಬಾರದು. ಉಚಿತ ಮೆರವಣಿಗೆ, ದಿಢೀರ್ ಸನ್ಮಾನ ಎಂದರೆ ದೂರವೇ ಇರಬೇಕು. ಒಳಹೋದ ಕೂಡಲೇ ಹೊರಗೆ ಬರುವ ಎರಡು ದಾರಿ ನೋಡಿಕೊಳ್ಳಬೇಕು. ಮನೆಯವರು ಬೇರೆಬೇರೆಯಾದರೆ ಎಲ್ಲಿ ಸೇರಬೇಕೆಂದು ಮೊದಲೇ ಗೊತ್ತು ಮಾಡಿಕೊಳ್ಳಬೇಕು. ನೂಕಾಟ ಶುರುವಾದರೆ ಮುಂದೆ ಎಷ್ಟೇ ದೊಡ್ಡ ಆಟಗಾರ ನಿಂತಿದ್ದರೂ ಹಿಂದಕ್ಕೆ ಸರಿದುಬಿಡಬೇಕು. ಎದುರಾಳಿ ಚೆನ್ನಾಗಿ ಆಡಿದರೆ ಕೈ ಬಿಚ್ಚಿ ಚಪ್ಪಾಳೆ ತಟ್ಟಬೇಕು.

ದೊಡ್ಡ ಊರಿಗೆ ಹೋಗುವ ಮೊದಲು ಹುಬ್ಬಳ್ಳಿಯಲ್ಲಿ ಇನ್ನೊಂದು ರಣಜಿ ಪಂದ್ಯ ನೋಡೋಣ ಎಂದೆ. ಒಪ್ಪಿದ್ದಾಳೆ. ಓಣಿಯ ಇನ್ನೂ ಇಬ್ಬರು ಹುಡುಗಿಯರು, ಅವರ ತಾಯಂದಿರು ಬರುತ್ತಾರಂತೆ. ಆ ತಾಯಂದಿರಲ್ಲಿ ಒಬ್ಬಾಕೆ ಇದುವರೆಗೆ ಯಾವ ಕ್ರೀಡಾಂಗಣದ ಒಳಗೂ ಕಾಲಿಟ್ಟವಳಲ್ಲ. 'ಟೀಚರ್, ಅಲ್ಲಿ ನಾವೂ ಕೂಡಬಹುದೇನ್ರಿ?' ಎಂದು ಮೆಲ್ಲಗೆ ಕೇಳಿದಳು. ಕೂಡಬಹುದು ತಂಗಿ, ಜಾಗ ಬೇಕಾದಷ್ಟಿದೆ, ಬುತ್ತಿ ಮಾತ್ರ ಸ್ವಲ್ಪ ಹೆಚ್ಚು ಕಟ್ಟಿಕೋ ಎಂದಿದ್ದೇನೆ.